ಆಕ್ಸಲ್ ರೇಶಿಯೋ, ಆರ್‌ಪಿಎಂ: ಎಕ್ಸ್‌ಪ್ರೆಸ್‌ವೇಗೆ ಒಪ್ಪಿದ್ದು ಬೆಟ್ಟಕ್ಕೆ ಒಪ್ಪಲ್ಲ

ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದು ಪ್ರಶ್ನೆ ಓಡಾಡ್ತಿದೆ: "ಟಾಪ್ ಗೇರಲ್ಲಿ ನೂರರಲ್ಲಿ ಹೋಗುವಾಗ ನಿಮ್ದು ಎಷ್ಟು ಆರ್‌ಪಿಎಂ?" ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು. ಹಳೇ ರಸ್ತೆಯಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಅಂತ ಊರಿಗೆರಡು ಹಂಪು, ಸಿಗ್ನಲ್ಲು. ಟಾಪ್ ಗೇರ್ ಹಾಕಿ ಕಾಲು ಗಂಟೆ ಬಿಟ್ಟರೆ ಅದೇ ಹೆಚ್ಚು. ಈಗ ಮುಳ್ಳು ಒಂದೇ ಕಡೆ ಅರ್ಧ ಗಂಟೆ ನಿಂತಿರುತ್ತೆ, ಒಬ್ಬರದು 2,500ರಲ್ಲಿ, ಇನ್ನೊಬ್ಬರದು 3,200ರಲ್ಲಿ. ಅಲ್ಲಿಂದ ಮಾತು ನೇರ "ಕ್ರೌನ್ ಪಿನಿಯನ್ ಬದಲಾಯಿಸಿಬಿಟ್ರೆ ಮೈಲೇಜ್ ಬರುತ್ತಂತೆ" ಅನ್ನೋದಕ್ಕೆ ಹೋಗುತ್ತೆ. ಬಹುತೇಕ ಕಾರುಗಳ ಮಟ್ಟಿಗೆ ಅದು ದಂಡದ ಖರ್ಚು. ಯಾಕೆ ಅನ್ನೋದು ಲೆಕ್ಕ ಹಾಕಿದರೆ ಗೊತ್ತಾಗುತ್ತೆ.

ಎಂಜಿನ್‌ನಿಂದ ಹೊರಟ ತಿರುಗಾಟ ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಮುಟ್ಟುವ ಮುಂಚೆ ಕೊನೆಯ ಸಲ ಇಳಿಯೋದು ಪಿನಿಯನ್ ಅನ್ನೋ ಸಣ್ಣ ಹಲ್ಲುಚಕ್ರ ಮತ್ತು ಕ್ರೌನ್ ವೀಲ್ ಅನ್ನೋ ದೊಡ್ಡ ಹಲ್ಲುಚಕ್ರದ ಮಧ್ಯೆ. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ಆಕ್ಸಲ್ ರೇಶಿಯೋ 4.1. ಅಂದರೆ ಚಕ್ರ ಒಂದು ಸುತ್ತು ಹಾಕೋಕೆ ಪಿನಿಯನ್ 4.1 ಸುತ್ತು ಹಾಕಬೇಕು. ಹಿಂದಿನ ಚಕ್ರ ಎಳೆಯುವ ಜೀಪು, ಬೊಲೆರೊ, ಓಮ್ನಿಗಳಲ್ಲಿ ಈ ಜೋಡಿ ಹಿಂದಿನ ಆಕ್ಸಲ್ ಹೌಸಿಂಗ್‌ನೊಳಗೆ ಇರುತ್ತೆ. ಮುಂದಿನ ಚಕ್ರ ಎಳೆಯುವ ಸಾಮಾನ್ಯ ಹ್ಯಾಚ್‌ಬ್ಯಾಕ್, ಸೆಡಾನ್‌ಗಳಲ್ಲಿ ಗೇರ್‌ಬಾಕ್ಸ್ ಕೇಸಿನೊಳಗೇ ಕೂತಿರುತ್ತೆ. ಅದನ್ನು ಫೈನಲ್ ಡ್ರೈವ್ ಅಂತಾರೆ. ಕೆಲಸ ಎರಡರದ್ದೂ ಒಂದೇ.

ಯಜ್ದಿ ಓಡಿಸಿದ ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದ್ದರೂ ಊರಲ್ಲಿ ಇನ್ನೂ ಸಾಕಷ್ಟು ಗಾಡಿಗಳಿವೆ. ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಜಾಸ್ತಿ ಹಾಕಿಸಿದರೆ ಗಾಡಿ ಹೈವೇಯಲ್ಲಿ ತಣ್ಣಗೆ ಓಡುತ್ತೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಮುಕ್ಕಿರಿಯುತ್ತೆ. ಕಾರಿನ ಆಕ್ಸಲ್ ರೇಶಿಯೋ ಅದೇ ಆಟ. ಒಂದೇ ವ್ಯತ್ಯಾಸ, ಸ್ಪ್ರಾಕೆಟ್ ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು.

ಲೆಕ್ಕ

ಸೂತ್ರ ಇಷ್ಟೇ. ಗಂಟೆಗೆ ಎಷ್ಟು ಕಿ.ಮೀ. ಅನ್ನೋದನ್ನು 1000ದಿಂದ ಗುಣಿಸಿ 60ರಿಂದ ಭಾಗಿಸಿ. ನಿಮಿಷಕ್ಕೆ ಎಷ್ಟು ಮೀಟರ್ ಅಂತ ಬರುತ್ತೆ. ಅದನ್ನು ಟೈರಿನ ಸುತ್ತಳತೆಯಿಂದ ಭಾಗಿಸಿದರೆ ಚಕ್ರದ ಆರ್‌ಪಿಎಂ. ಅದಕ್ಕೆ ಗೇರಿನ ರೇಶಿಯೋ, ಆಕ್ಸಲ್ ರೇಶಿಯೋ ಎರಡನ್ನೂ ಗುಣಿಸಿದರೆ ಎಂಜಿನ್ ಆರ್‌ಪಿಎಂ.

185/65 ಆರ್15 ಟೈರು ತಗೊಳ್ಳೋಣ. 185ರ ಶೇ 65 ಅಂದರೆ ಸೈಡ್‌ವಾಲ್ 120 ಮಿ.ಮೀ. ಚಿಲ್ಲರೆ. ಅದರ ಎರಡರಷ್ಟಕ್ಕೆ 15 ಇಂಚಿನ ರಿಮ್, ಅಂದರೆ 381 ಮಿ.ಮೀ. ಸೇರಿಸಿದರೆ ವ್ಯಾಸ 621.5 ಮಿ.ಮೀ., ಸುತ್ತಳತೆ 1.95 ಮೀಟರ್. ನೂರರ ವೇಗ ಅಂದರೆ ನಿಮಿಷಕ್ಕೆ 1,667 ಮೀಟರ್. ಚಕ್ರ ನಿಮಿಷಕ್ಕೆ ಸುಮಾರು 854 ಸುತ್ತು. ಟಾಪ್ ಗೇರ್ 0.80, ಫೈನಲ್ ಡ್ರೈವ್ 4.1 ಆದರೆ ಒಟ್ಟು 3.28, ಎಂಜಿನ್ 2,800 ಆರ್‌ಪಿಎಂ. ಅದೇ ಗಾಡಿಗೆ 3.7 ಇದ್ದಿದ್ದರೆ ಒಟ್ಟು 2.96, ಎಂಜಿನ್ 2,530ರ ಹತ್ತಿರ. ಭಾರಕ್ಕೆ ಟೈರು ಸ್ವಲ್ಪ ಕೂರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಶೇ 2–3 ಜಾಸ್ತಿ ಇರುತ್ತೆ. ಗಾಳಿ ಕಮ್ಮಿ ಇದ್ದರೆ ಇನ್ನೊಂದಿಷ್ಟು.

ಇಲ್ಲೇ ಜನ ಎಡವೋದು. ಬ್ರೋಷರ್ ನೋಡಿ "ಅವರದು 4.69, ನಮ್ಮದು 4.1, ಅದಕ್ಕೇ ಅವರದು ಕಿರುಚುತ್ತೆ" ಅಂತಾರೆ. ಅವರ ಟಾಪ್ ಗೇರ್ 0.70 ಇದ್ದರೆ ಒಟ್ಟು ಅದೇ 3.28. ಆಕ್ಸಲ್ ಸಂಖ್ಯೆಯೊಂದನ್ನೇ ಹಿಡಿದು ಎರಡು ಗಾಡಿ ಹೋಲಿಸೋದು ವ್ಯರ್ಥ. ಹಾಗೆಯೇ ಸಿವಿಟಿ ಅನ್ನೋ ಬಗೆಯ ಆಟೋಮ್ಯಾಟಿಕ್ ಗಾಡಿಗೆ ಈ ಲೆಕ್ಕ ಅನ್ವಯಿಸಲ್ಲ, ಅಲ್ಲಿ ರೇಶಿಯೋ ಒಂದೇ ಕಡೆ ನಿಲ್ಲೋದಿಲ್ಲ. ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಆದರೆ ಲಾಕ್ ಆದಾಗ ಮಾತ್ರ ತಾಳೆ ಬರುತ್ತೆ. ಇನ್ನೊಂದು, ಗ್ಯಾರೇಜಿನಲ್ಲಿ ಮಾತಾಡುವಾಗ "ಹೈ ರೇಶಿಯೋ, ಲೋ ರೇಶಿಯೋ" ಅನ್ನಬೇಡಿ. ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸ್ತಾರೆ. 4.1 ಬೇಕು, 3.7 ಬೇಕು ಅಂತ ಸಂಖ್ಯೆಯಲ್ಲೇ ಹೇಳಿ.

ಆರ್‌ಪಿಎಂ ಇಳಿದರೆ ಏನಾಗುತ್ತೆ

ಒಂದು ಹ್ಯಾಚ್‌ಬ್ಯಾಕ್ ಸಮತಟ್ಟು ರಸ್ತೆಯಲ್ಲಿ ನೂರರಲ್ಲಿ ಹೋಗೋಕೆ ಸುಮಾರು 13 ಕಿಲೋವಾಟ್ ಸಾಕು. ಹೆಚ್ಚುಕಡಿಮೆ 17 ಹಾರ್ಸ್‌ಪವರ್. ಗಾಳಿಯ ತಡೆ ಇದರಲ್ಲಿ ದೊಡ್ಡ ಪಾಲು. 2,800 ಆರ್‌ಪಿಎಂನಲ್ಲಿ ಈ ಪವರ್ ಕೊಡೋಕೆ ಎಂಜಿನ್ 44 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಹಾಕಿದರಾಯ್ತು, 2,530ರಲ್ಲಾದರೆ 49. 1.2 ಲೀಟರ್ ಪೆಟ್ರೋಲ್ ಎಂಜಿನ್ 110ರ ಆಸುಪಾಸು ಟಾರ್ಕ್ ಕೊಡುತ್ತೆ, ಹಾಗಾಗಿ ಎರಡೂ ಸಲೀಸು. ಥ್ರಾಟಲ್ ಸ್ವಲ್ಪ ಹೆಚ್ಚು ತೆರೆದಿರುವುದರಿಂದ, ಒಳಗಿನ ತಿಕ್ಕಾಟ ಕಮ್ಮಿಯಾಗುವುದರಿಂದ ಇಂಧನ ತುಸು ಉಳಿಯುತ್ತೆ, ನಿಜ. ಆದರೆ ಆರ್‌ಪಿಎಂ ಶೇ 10 ಇಳಿಯಿತು ಅಂತ ಪೆಟ್ರೋಲ್ ಶೇ 10 ಉಳಿಯಲ್ಲ. ಗಾಳಿಯನ್ನು ತಳ್ಳುವ ಕೆಲಸ ಹಾಗೇ ಇದೆಯಲ್ಲ. ವೇಗವನ್ನು 100ರಿಂದ 85ಕ್ಕೆ ಇಳಿಸಿ ನೋಡಿ, ಗಾಳಿಯ ತಡೆಯೇ ಶೇ 28ರಷ್ಟು ಕಮ್ಮಿಯಾಗುತ್ತೆ. ಅದಕ್ಕೆ ಸ್ಪ್ಯಾನರ್ ಹಿಡಿಯೋದೇ ಬೇಡ.

ಈಗ ಅದೇ ಗಾಡಿ ಫ್ಲೈಓವರ್ ಏರುತ್ತಿದೆ, 100 ಮೀಟರ್‌ಗೆ 3 ಮೀಟರ್ ಏರು ಅಂತಿಟ್ಟುಕೊಳ್ಳಿ. ವೇಗ ಬಿಡದೆ ಹತ್ತೋಕೆ ಒಟ್ಟು 23 ಕಿಲೋವಾಟ್ ಬೇಕು. 4.1ರಲ್ಲಿ 78 ನ್ಯೂಟನ್ ಮೀಟರ್, 3.7ರಲ್ಲಿ 87. ಇದು ಒಬ್ಬರೇ ಕೂತಾಗಿನ ಲೆಕ್ಕ. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಸೇರಿದರೆ ಸಣ್ಣ ಪೆಟ್ರೋಲ್ ಎಂಜಿನ್ 2,500ರಲ್ಲಿ ಕೊಡಬಹುದಾದ್ದೆಲ್ಲ ಮುಗಿದುಹೋಗುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ಬೀಳುತ್ತೆ, ನಾಲ್ಕಕ್ಕೆ ಇಳಿಸಲೇಬೇಕು. ನಾಲ್ಕರಲ್ಲಿ ಆರ್‌ಪಿಎಂ ಮೊದಲಿದ್ದ 2,800ಕ್ಕಿಂತ ಮೇಲೇ ಹೋಗಿ ನಿಲ್ಲುತ್ತೆ.

ಚಾಮುಂಡಿ ಬೆಟ್ಟಕ್ಕೆ ಬಂದರೆ ಇನ್ನೂ ಸ್ಪಷ್ಟ. ಫೈನಲ್ ಡ್ರೈವ್ ಬದಲಾದರೆ ಟಾಪ್ ಗೇರ್ ಒಂದೇ ಅಲ್ಲ, ಒಂದರಿಂದ ರಿವರ್ಸ್‌ವರೆಗೆ ಎಲ್ಲ ಗೇರೂ ಅದೇ ಪ್ರಮಾಣದಲ್ಲಿ ಜರುಗುತ್ತೆ. ಮೂರನೇ ಗೇರ್ 1.28 ಇರುವ ಗಾಡಿ 40ರಲ್ಲಿ ಹತ್ತುವಾಗ 4.1ರಲ್ಲಿ 1,790 ಆರ್‌ಪಿಎಂ, 3.7ರಲ್ಲಿ 1,620. ಜನ ತುಂಬಿ ಒಟ್ಟು 1,400 ಕಿಲೋ, ಏರು ಶೇ 8 ಅಂತಾದರೆ ಎಂಜಿನ್‌ನಿಂದ ಬೇಕಾದ ಟಾರ್ಕ್ ಮೊದಲನೆಯದರಲ್ಲಿ 81, ಎರಡನೆಯದರಲ್ಲಿ 90. ಗಮನಿಸಿ, ಕೇಳೋದು ಜಾಸ್ತಿಯಾಯ್ತು, ಕೊಡುವ ಆರ್‌ಪಿಎಂ ಕಮ್ಮಿಯಾಯ್ತು. ಎರಡೂ ಕಡೆಯಿಂದ ಹೊಡೆತ. ಬಾನೆಟ್ ಕೆಳಗಿಂದ ಕಿಟಕಿಟ ನಾಕಿಂಗ್ ಕೇಳಿಸೋದು ಇಲ್ಲೇ. ಇನ್ನು ಏರಿನಲ್ಲಿ ನಿಂತು ಒಂದನೇ ಗೇರಿನಲ್ಲಿ ಎತ್ತುವಾಗ, ಮನೆಯ ಇಳಿಜಾರಿನಿಂದ ರಿವರ್ಸ್ ತೆಗೆಯುವಾಗ ಕ್ಲಚ್ಚನ್ನು ಅರ್ಧ ಹಿಡಿದು ಸವೆಸೋದು ಹೆಚ್ಚಾಗುತ್ತೆ. ಉಳಿಸಿದ ಪೆಟ್ರೋಲ್ ದುಡ್ಡು ಕ್ಲಚ್ ಪ್ಲೇಟಿಗೆ ಹೋಗುತ್ತೆ.

ಡೀಸೆಲ್ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಸುರಿಯುತ್ತೆ, ಹಾಗಾಗಿ ಕಂಪನಿಯವರೇ ಅದಕ್ಕೆ ಸಣ್ಣ ಸಂಖ್ಯೆಯ ಫೈನಲ್ ಡ್ರೈವ್ ಹಾಕಿರ್ತಾರೆ. ಒಂದೇ ಮಾಡೆಲ್ಲಿನ ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ರೇಶಿಯೋ ಬೇರೆ ಬೇರೆ ಇರೋದು ಇದಕ್ಕೇ. ಸೆಕೆಂಡ್‌ಹ್ಯಾಂಡ್ ಗೇರ್‌ಬಾಕ್ಸ್ ತರುವವರು ಇಲ್ಲಿ ಎಚ್ಚರವಾಗಿರಬೇಕು. ಹೊರಗಿನ ಕೇಸು, ಬೋಲ್ಟ್ ತೂತು ಎಲ್ಲ ಹೊಂದುತ್ತೆ, ಒಳಗಿನ ಹಲ್ಲು ಬೇರೆ ವೇರಿಯಂಟಿನದು. ಹಾಕಿದ ಮೇಲೆ "ಗಾಡಿ ಎಳೀತಿಲ್ಲ" ಅಂತ ಇಂಜೆಕ್ಟರು, ಕ್ಲಚ್ಚು, ಫಿಲ್ಟರು ಎಲ್ಲ ಬದಲಾಯಿಸಿದರೂ ಗುಣ ಕಾಣಲ್ಲ. ಗುಜರಿಯಿಂದ ತರುವ ಮುಂಚೆ ಅಲ್ಲೇ ನೆಲದ ಮೇಲೆ ಇಟ್ಟು ಟಾಪ್ ಗೇರ್ ಹಾಕಿ, ಇನ್‌ಪುಟ್ ಶಾಫ್ಟ್ ತಿರುಗಿಸಿ, ಚಕ್ರದ ಕಡೆಯ ಎರಡೂ ತುದಿ ಒಟ್ಟಿಗೆ ಒಂದು ಸುತ್ತು ಬರೋಕೆ ಅದು ಎಷ್ಟು ಸುತ್ತು ಹಾಕುತ್ತೆ ಅಂತ ಎಣಿಸಿಕೊಳ್ಳಿ. ಐದು ನಿಮಿಷದ ಕೆಲಸ.

ನಿಮ್ಮ ಗಾಡಿಯ ರೇಶಿಯೋ ತಿಳಿಯೋದು ಹೇಗೆ

ಹಿಂದಿನ ಆಕ್ಸಲ್ ಗಾಡಿಗಳಲ್ಲಿ ಮೊದಲು ಹೌಸಿಂಗ್ ಕವರಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಟ್ಯಾಗ್ ಇದೆಯಾ ನೋಡಿ. ಹಳೇ ಗಾಡಿಗಳಲ್ಲಿ ಅದು ಯಾವತ್ತೋ ಉದುರಿರುತ್ತೆ, ಇದ್ದರೂ ಒಳಗೆ ಯಾರು ಏನು ಬದಲಾಯಿಸಿದ್ದಾರೋ ನಂಬೋಕಾಗಲ್ಲ. ಎಣಿಸೋದೇ ಒಳ್ಳೆಯದು.

ಸಮತಟ್ಟು ನೆಲ, ಮುಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಹಿಂದಿನ ಒಂದೇ ಚಕ್ರವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದ ಗೀಟು, ಟೈರಿನ ಮೇಲೆ ಇನ್ನೊಂದು. ಎತ್ತಿದ ಚಕ್ರವನ್ನು ಕೈಯಲ್ಲಿ ಪೂರ್ತಿ 20 ಸುತ್ತು ತಿರುಗಿಸಿ, ಕೆಳಗೆ ಒಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಆಚೆ ಚಕ್ರ ನೆಲದ ಮೇಲೆ ನಿಂತಿರುವುದರಿಂದ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ಅರ್ಧದಷ್ಟೇ ತಿರುಗುತ್ತೆ. 20 ಸುತ್ತಿಗೆ ಕ್ರೌನ್ 10 ಸುತ್ತು. ಶಾಫ್ಟ್ 41 ಸುತ್ತು ಬಂದರೆ 4.1, 39 ಬಂದರೆ 3.9. ಎರಡೇ ಸುತ್ತಿಗೆ ಎಣಿಸಿದರೆ 4.1, 3.9 ಎರಡೂ "ನಾಲ್ಕು ಸುತ್ತು" ಅಂತಲೇ ಕಾಣುತ್ತೆ, ಅದಕ್ಕೇ 20. ಈ ಅರ್ಧದ ಲೆಕ್ಕ ಮರೆತರೆ 4.1 ಇರೋದು 2.05 ಅಂತ ಬರುತ್ತೆ. ಲಿಮಿಟೆಡ್ ಸ್ಲಿಪ್ (ಎರಡು ಚಕ್ರದ ವೇಗದ ವ್ಯತ್ಯಾಸವನ್ನು ತಡೆಯುವ ಡಿಫರೆನ್ಷಿಯಲ್) ಇರುವ ಆಕ್ಸಲ್ಲಿನಲ್ಲಿ ಒಂದೇ ಚಕ್ರ ಸಲೀಸಾಗಿ ತಿರುಗಲ್ಲ. ಅಲ್ಲಿ ಎರಡೂ ಚಕ್ರ ಎತ್ತಿ ಒಟ್ಟಿಗೆ 10 ಸುತ್ತು ತಿರುಗಿಸಬೇಕು.

ಮುಂದಿನ ಚಕ್ರದ ಗಾಡಿಗಳಲ್ಲಿ ಇದೆಲ್ಲ ಬೇಡ. ಫೋನಿನ ಜಿಪಿಎಸ್‌ನಲ್ಲಿ ಸರಿಯಾಗಿ 80 ಇರುವಾಗ ಟಾಪ್ ಗೇರಿನ ಆರ್‌ಪಿಎಂ ಎಷ್ಟು ಅಂತ ಪಕ್ಕದವರು ಬರೆದುಕೊಳ್ಳಲಿ, ಮೇಲಿನ ಸೂತ್ರ ಹಿಂದುಮುಂದಾಗಿ ಹಾಕಿದರೆ ಒಟ್ಟು ರೇಶಿಯೋ ಸಿಗುತ್ತೆ. ಗಾಡಿಯ ಸ್ಪೀಡೋಮೀಟರ್ ನೋಡಿ ಲೆಕ್ಕ ಹಾಕಬೇಡಿ, ಅದು ಯಾವಾಗಲೂ ಸ್ವಲ್ಪ ಹೆಚ್ಚೇ ತೋರಿಸುವ ಹಾಗೆ ಮಾಡಿರ್ತಾರೆ.

ಜೀಪಿನವರ ಕಥೆ ಬೇರೆ

ರೇಶಿಯೋ ಬದಲಾಯಿಸೋದಕ್ಕೆ ನಿಜವಾಗಿ ಅರ್ಥ ಇರೋದು ಹಳೇ ಜೀಪುಗಳಲ್ಲಿ. ಅವುಗಳಲ್ಲಿ 5.38, 4.88, 4.27, 3.73 ಎಲ್ಲ ಓಡಾಡ್ತವೆ. ಹಲ್ಲಿನ ಲೆಕ್ಕದಲ್ಲಿ 43ಕ್ಕೆ 8, 39ಕ್ಕೆ 8, 47ಕ್ಕೆ 11, 41ಕ್ಕೆ 11. ಈ ಸಂಖ್ಯೆಗಳು ಯಾಕಿಷ್ಟು ಸೊಟ್ಟ ಅನ್ನಿಸಬಹುದು. 40ಕ್ಕೆ 10 ಅಂತ ಮಾಡಿದರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅವೇ ನಾಲ್ಕು ಹಲ್ಲುಗಳಿಗೆ ಜೀವಮಾನವಿಡೀ ಬಡಿಯುತ್ತೆ, ಒಂದರಲ್ಲಿ ಸಣ್ಣ ಗಾಯವಾದರೆ ಅಲ್ಲೇ ದೊಡ್ಡದಾಗುತ್ತೆ. 41ಕ್ಕೆ 10 ಆದರೆ ಪ್ರತಿ ಹಲ್ಲೂ ಸರದಿಯಲ್ಲಿ ಎಲ್ಲ ಹಲ್ಲನ್ನೂ ಮುಟ್ಟಿ ಬರುತ್ತೆ, ಸವೆತ ಸಮನಾಗಿ ಹಂಚಿಹೋಗುತ್ತೆ.

ಟಾಪ್ ಗೇರ್ 1.00 ಇರುವ ನಾಲ್ಕು ಗೇರಿನ ಜೀಪು, 6.00-16 ಟೈರು, ವೇಗ 80. 5.38 ಇದ್ದರೆ ಎಂಜಿನ್ 3,200 ಆರ್‌ಪಿಎಂ. ಹಳೇ ಡೀಸೆಲ್ಲಿಗೆ ಇದು ಹಿಂಸೆ, ಒಳಗೆ ಕೂತವರಿಗೆ ಅದಕ್ಕಿಂತ ಹೆಚ್ಚು. 4.27 ಹಾಕಿದರೆ 2,550. ಮೇಲುಕೋಟೆ, ಮಡಿಕೇರಿ ಕಡೆ ಓಡಾಡಿಕೊಂಡು ರಸ್ತೆಯಲ್ಲೇ ಇರುವ ಜೀಪಿಗೆ 4.27 ಹೇಳಿ ಮಾಡಿಸಿದ ಹಾಗಿರುತ್ತೆ. ಆದರೆ ದಪ್ಪ ಟೈರು ಹಾಕುವ ಆಸೆ ಇದ್ದರೆ ಮೊದಲು ಟೈರು ತೀರ್ಮಾನವಾಗಲಿ. 215/75 ಆರ್15ರಿಂದ 31 ಇಂಚಿನ ಟೈರಿಗೆ ಹೋದರೆ ವ್ಯಾಸ ಶೇ 12 ಬೆಳೆಯುತ್ತೆ, 4.27 ಇರೋದು 3.8 ಇದ್ದ ಹಾಗಾಗುತ್ತೆ. ಮೊದಲಿನ ಎಳೆತ ವಾಪಸ್ ಬೇಕು ಅಂದರೆ 4.78 ಬೇಕು, ಸಿಗುವುದರಲ್ಲಿ ಹತ್ತಿರದ್ದು 4.88. 4.27 ಹಾಕಿಸಿ, ಆಮೇಲೆ ಟೈರು ಹಾಕಿಸಿ, ಆಮೇಲೆ ಪಿಕಪ್ ಇಲ್ಲ ಅಂತ ಮತ್ತೆ 4.88 ಹುಡುಕೋದು ಮಾಮೂಲಿ.

ಫೋರ್ ವೀಲ್ ಡ್ರೈವ್ ಆಗಿದ್ದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ರೇಶಿಯೋ ಕಡ್ಡಾಯ. ಹಿಂದೆ ಮಾತ್ರ ಬದಲಾಯಿಸಿ ದುಡ್ಡು ಉಳಿಸಿದರೆ ಟೂ ವೀಲಿನಲ್ಲಿ ಏನೂ ಗೊತ್ತಾಗಲ್ಲ. ಫೋರ್ ಹಾಕಿದ ತಕ್ಷಣ ಎರಡು ಆಕ್ಸಲ್ಲು ಒಂದನ್ನೊಂದು ಜಗ್ಗಾಡ್ತವೆ. ಲಿವರ್ ಸಿಕ್ಕಿಕೊಳ್ಳುತ್ತೆ, ಯೂನಿವರ್ಸಲ್ ಜಾಯಿಂಟ್ ಕ್ರಾಸ್ ಮುರಿಯುತ್ತೆ, ಕೊನೆಗೆ ಎರಡೂ ಆಕ್ಸಲ್ಲಿಗೆ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸೇ ಹೋಗುತ್ತೆ. ಹಳೇ ಜೀಪು ಕೊಳ್ಳುವವರು ಎರಡೂ ಆಕ್ಸಲ್ ಎಣಿಸಿಯೇ ಕೊಳ್ಳಬೇಕು.

ಸ್ಪೀಡೋಮೀಟರ್ ಇನ್ನೊಂದು ಗುಂಡಿ. ಇಂಥ ಗಾಡಿಗಳಲ್ಲಿ ಕೇಬಲ್ ಹೊರಡೋದು ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಿಂದ, ಅಂದರೆ ಆಕ್ಸಲ್ಲಿಗಿಂತ ಮುಂಚೆ. ಒಳಗೆ ಏನು ಬದಲಾಯಿತು ಅಂತ ಅದಕ್ಕೆ ಗೊತ್ತಿಲ್ಲ. 5.38 ತೆಗೆದು 4.27 ಹಾಕಿದ ಜೀಪು ಮೀಟರಿನಲ್ಲಿ 80 ತೋರಿಸುವಾಗ ನಿಜವಾದ ವೇಗ 100 ದಾಟಿರುತ್ತೆ, ಎಕ್ಸ್‌ಪ್ರೆಸ್‌ವೇ ಕ್ಯಾಮೆರಾ ಮೀಟರ್ ನೋಡಲ್ಲ. ಓಡೋಮೀಟರೂ ಅದೇ ಪ್ರಮಾಣದಲ್ಲಿ ಕಮ್ಮಿ ಎಣಿಸೋದರಿಂದ "ರೇಶಿಯೋ ಬದಲಾಯಿಸಿದ್ರೂ ಮೈಲೇಜ್ ಬಿದ್ದೋಯ್ತು" ಅನ್ನೋ ದೂರು ಬೇರೆ. ಕೇಬಲ್ ತುದಿಯ ಸಣ್ಣ ಪ್ಲಾಸ್ಟಿಕ್ ಗೇರನ್ನು ಹಲ್ಲು ಹೊಂದಿಸಿ ಬದಲಾಯಿಸಿದರೆ ಸರಿಹೋಗುತ್ತೆ. ಎಬಿಎಸ್ ಸೆನ್ಸರ್‌ನಿಂದ ಚಕ್ರದಲ್ಲೇ ವೇಗ ಅಳೆಯುವ ಹೊಸ ಗಾಡಿಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಟೈರಿನ ಅಳತೆ ಮಾತ್ರ ಲೆಕ್ಕಕ್ಕೆ.

ಕೂರಿಸುವ ಕೆಲಸ

ಕ್ರೌನ್ ಪಿನಿಯನ್ ಯಾವಾಗಲೂ ಜೋಡಿ. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿ ಒಂದೇ ನಂಬರ್ ಕೊರೆದಿರ್ತಾರೆ. ಒಂದು ಮಾತ್ರ ಬದಲಾಯಿಸಿದರೆ ಊಳಿಡೋದು ಖಚಿತ. ಕೆಲವು ಹೌಸಿಂಗ್‌ಗಳಲ್ಲಿ 3.73ರಿಂದ 4.27ಕ್ಕೆ ಹೋಗುವಾಗ ಕ್ರೌನ್ ಕೂರುವ ಕ್ಯಾರಿಯರೂ ಬೇರೆಯದೇ ಬೇಕಾಗುತ್ತೆ, ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಪಿನಿಯನ್ ಬೇರಿಂಗ್ ಬಿಗಿತವನ್ನು ಕೈ ಅಂದಾಜಿನಲ್ಲಿ ಬಿಡಬಾರದು. ಫ್ಲಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡ್ತಾರೆ. ಹೊಸ ಬೇರಿಂಗಿಗೆ ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್, ಆದರೆ ಆ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಕ್ರಷ್ ಸ್ಲೀವ್ (ನಟ್ಟು ಬಿಗಿದಾಗ ಜಜ್ಜಿಕೊಂಡು ಬಿಗಿತ ಹಿಡಿಯುವ ಕೊಳವೆ) ಇರುವ ಆಕ್ಸಲ್ಲಿನಲ್ಲಿ ನಟ್ಟು ಅತಿಯಾಗಿ ಬಿಗಿಯಾಯ್ತು ಅಂತ ಸಡಿಲಿಸಿದರೆ ಆಗಲ್ಲ, ಜಜ್ಜಿದ ಸ್ಲೀವ್ ತೆಗೆದು ಹೊಸದು ಹಾಕಿ ಮೊದಲಿಂದ ಮಾಡಬೇಕು. ಬ್ಯಾಕ್‌ಲ್ಯಾಶ್, ಅಂದರೆ ಹಲ್ಲು ಹಲ್ಲಿನ ಮಧ್ಯದ ಸಡಿಲ, ಡಯಲ್ ಗೇಜಿನಲ್ಲಿ 0.13ರಿಂದ 0.20 ಮಿ.ಮೀ., ಕ್ರೌನ್ ಸುತ್ತ ಮೂರ್ನಾಲ್ಕು ಕಡೆ ನೋಡಬೇಕು.

ಆಮೇಲೆ ಬಣ್ಣದ ಪರೀಕ್ಷೆ. ಕ್ರೌನಿನ ಐದಾರು ಹಲ್ಲುಗಳಿಗೆ ಮಾರ್ಕಿಂಗ್ ಬಣ್ಣ ತೆಳ್ಳಗೆ ಸವರಿ, ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ಭಾರ ಕೊಡುತ್ತಾ ಪಿನಿಯನ್ನನ್ನು ಎರಡೂ ಕಡೆಗೆ ತಿರುಗಿಸಿ. ಬಣ್ಣ ಒರೆಸಿಹೋದ ಜಾಗ ಹಲ್ಲಿನ ಮಧ್ಯೆ ಮೊಟ್ಟೆಯಾಕಾರದಲ್ಲಿ ಬಿದ್ದರೆ ಸರಿ. ಹಲ್ಲಿನ ತುದಿ ಕಡೆ ಬಿದ್ದರೆ ಪಿನಿಯನ್ ದೂರ ಇದೆ, ಅದರ ತಲೆ ಹಿಂದಿನ ಶಿಮ್ (ತೆಳು ಲೋಹದ ಬಿಲ್ಲೆ) ದಪ್ಪ ಮಾಡಬೇಕು. ಬುಡದ ಕಡೆ ಬಿದ್ದರೆ ಒಳಗೆ ಜಾಸ್ತಿ ಹೋಗಿದೆ, ತೆಳುವಾದ ಶಿಮ್. ಶಿಮ್ ಬದಲಾದಾಗಲೆಲ್ಲ ಬ್ಯಾಕ್‌ಲ್ಯಾಶ್ ಮತ್ತೆ ಹೊಂದಿಸಬೇಕು. ಒಂದೇ ಸಲಕ್ಕೆ ಕೂತುಬಿಟ್ಟರೆ ಅದೃಷ್ಟ. "ಮಧ್ಯಾಹ್ನದೊಳಗೆ ಮಾಡಿಕೊಡ್ತೀನಿ ಬಿಡಿ ಸಾರ್" ಅನ್ನುವವರ ಹತ್ತಿರ ಡಯಲ್ ಗೇಜ್ ಇದೆಯಾ ಅಂತ ಮೊದಲು ಕೇಳಿ.

ಎಣ್ಣೆಯ ವಿಷಯ: ಹಿಂದಿನ ಹೈಪಾಯ್ಡ್ ಆಕ್ಸಲ್ಲಿಗೆ ಜಿಎಲ್-5 ದರ್ಜೆಯ 80ಡಬ್ಲ್ಯು-90 ಅಥವಾ ಮ್ಯಾನ್ಯುಯಲ್ ಹೇಳಿದ್ದು. ಅಂಗಡಿಯಲ್ಲಿ "90 ಗೇರ್ ಆಯಿಲ್" ಅಂದರೆ ಕೈಗೆ ಸಿಕ್ಕಿದ್ದು ಕೊಡ್ತಾರೆ, ಡಬ್ಬಿ ಮೇಲೆ ಜಿಎಲ್-5 ಅಂತ ಓದಿಯೇ ತನ್ನಿ. ಅದೇ ಎಣ್ಣೆಯನ್ನು ಮುಂದಿನ ಚಕ್ರದ ಗಾಡಿಯ ಗೇರ್‌ಬಾಕ್ಸಿಗೆ ಸುರಿಯಬೇಡಿ. ಅಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿರುತ್ತೆ, ಸಾಮಾನ್ಯವಾಗಿ ಜಿಎಲ್-4 ಕೇಳ್ತಾರೆ.

ಹೊಸ ಜೋಡಿ ಹಾಕಿದ ಮೇಲೆ ಮೊದಲ 25 ಕಿ.ಮೀ. ಸಾವಕಾಶವಾಗಿ ಓಡಿಸಿ ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ 800 ಕಿ.ಮೀ.ವರೆಗೆ ಟ್ರೈಲರ್ ಎಳೆಯೋದು, ಭಾರ ಹೇರೋದು, ಒಂದೇ ಸಮ ನೂರರಲ್ಲಿ ಹೊಡೆಯೋದು ಬೇಡ. ಅಷ್ಟಾದ ಮೇಲೆ ಎಣ್ಣೆ ಬದಲಾಯಿಸಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿನಲ್ಲಿ ಕಾಡಿಗೆಯಂತೆ ನುಣ್ಣಗಿನ ಪುಡಿ ಇದ್ದರೆ ಚಿಂತೆ ಇಲ್ಲ. ಚೂರು, ಚಕ್ಕೆ ಸಿಕ್ಕಿದರೆ ಕವರ್ ಬಿಚ್ಚಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಊಳಿಡುತ್ತಿದ್ದರೆ ಹಲ್ಲಿನ ಹೊಂದಾಣಿಕೆ ತಪ್ಪಿದೆ. ಒತ್ತಿದರೂ ಬಿಟ್ಟರೂ ಒಂದೇ ಸಮ ಗುರ್ ಅನ್ನುತ್ತಿದ್ದರೆ ಬೇರಿಂಗ್. ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಕ್ರೌನ್ ಪಿನಿಯನ್ ತಂಟೆಗೆ ಹೋಗಬೇಡಿ, ಡಿಫರೆನ್ಷಿಯಲ್ಲಿನ ಸಣ್ಣ ಗೇರುಗಳನ್ನೋ ಚಕ್ರದ ಬೇರಿಂಗನ್ನೋ ನೋಡಿ.